ಉಗಿಯಂತ್ರಕ್ಕೊಂದು ವೀರಗಲ್ಲು

ಶಾಸನ ಓದಿಸುವುದು ನನ್ನ ಅಧ್ಯಾಪನ ವೃತ್ತಿಯ ಒಂದು ಭಾಗ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೊಡನೆ ತುಮಕೂರಿನ ಸುತ್ತಲಿನ ಯಾವುದಾದರೊಂದು ಹಳ್ಳಿಗೆ ಹೋಗಿ, ಬೇಲಿಯ ಮರೆಯಲ್ಲಿ ನಿಂತ ವೀರಗಲ್ಲನ್ನು ತೊಳೆದು, ತುರುಗಳನ್ನು ಬಿಡಿಸಲು ಹೋಗಿ ಮಡಿದವನನ್ನೂ ನಮ್ಮ ಹಿರಿಯರು ಮರೆಯಲಿಲ್ಲವೆಂದು ಉಪದೇಶಿಸುತ್ತೇನೆ. ಇಂಥ ನಾನೇ, ಹೋದ ವರ್ಷ ಗುಬ್ಬಿಯ ಹಳೆಯ ಮನೆಯ ಅಟ್ಟವನ್ನು ತೆರವು ಮಾಡಿಸುವಾಗ, ತಾತನ ಕಲ್ಲಿದ್ದಲ ಸಲಿಕೆಯನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿಬಿಟ್ಟೆ!

ತಾತ ಮೀಟರ್‌ಗೇಜ್ ರೈಲಿನಲ್ಲಿ ಫೈರ್‌ಮನ್ ಆಗಿದ್ದವರು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದು 1884ರಲ್ಲಿ. ಗುಬ್ಬಿಯ ನಾಟಕ ಕಂಪನಿ ಹುಟ್ಟಿದುದೂ ಅದೇ ವರ್ಷ. ನಾಟಕ ಕಂಪನಿಯ ಚರಿತ್ರೆಯನ್ನು ನಾವು ಅಭಿಮಾನದಿಂದ ಬರೆದಿಟ್ಟಿದ್ದೇವೆ. ಉಗಿಬಂಡಿಯ ಒಲೆಗೆ ಕಲ್ಲಿದ್ದಲೆರೆದವರನ್ನು ಕುರಿತು ಬರೆದವರೆಷ್ಟು ಮಂದಿ? ನನ್ನ ತಾಯಿಯ ತವರು ಕುಣಿಗಲು. ಕುದುರೆಗಳಿಗೆ ಹೆಸರಾದ ಆ ಊರಿನ ಮಾರ್ಗವಾಗಿ ಬೆಂಗಳೂರು-ಹಾಸನ ರೈಲು ಪೂರ್ತಿಯಾಗಿ ಓಡತೊಡಗಿದುದು 2017ರಲ್ಲಿ; ಅಷ್ಟರಲ್ಲಿ ಉಗಿಯ ಕಾಲ ಎಂದೋ ಮುಗಿದಿತ್ತು. ಹಾಗಾಗಿ ಅಮ್ಮ ಉಗಿಯಂತ್ರವನ್ನು ಮೊದಲು ಕಂಡದ್ದು ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ. ಬರಿದಾದ ಅಟ್ಟವನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: "ನಿಮ್ಮ ತಾತನ ಸಲಿಕೆ ಎಲ್ಲಪ್ಪ?" ನನ್ನ ಬಳಿ ಉತ್ತರವಿರಲಿಲ್ಲ.

ಈ ಪ್ರಶ್ನೆಯ ಭಾರವನ್ನು ಹೊತ್ತೇ ನಾನು ಈಚೆಗೆ ಕೋಲಾರದ ಚಿನ್ನದ ಗಣಿಗೆ ಹೋದೆ. ಅಲ್ಲಿನವರಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ತಂದೆ ಗಣಿಯಲ್ಲಿ ವೈಂಡಿಂಗ್ ಯಂತ್ರವನ್ನು ನಡೆಸುತ್ತಿದ್ದವರು. ಎಂದರೆ, ಕೇಜೆಂಬ ಪಂಜರವನ್ನು ಉಕ್ಕಿನ ಹಗ್ಗದಿಂದ ಪಾತಾಳಕ್ಕಿಳಿಸಿ, ಮತ್ತೆ ಮೇಲಕ್ಕೆಳೆಯುವವರು. ಹಿರಿಯರು ನನ್ನನ್ನು ಶಾಫ್ಟಿನ ಗೋಪುರವೊಂದರ ಸಮೀಪಕ್ಕೆ ಕರೆದೊಯ್ದರು. ಉಕ್ಕಿನ ಕಾಲುಗಳ ಮೇಲೆ ಗಾಲಿಯೊಂದು ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಸುತ್ತ ಮುಳ್ಳುಪೊದೆ.

"ಮೇಷ್ಟ್ರೇ, ಕೆಳಗಿನವರ ಮುಖ ನಮಗೆ ಕಾಣುತ್ತಿರಲಿಲ್ಲ. ಗಂಟೆಯೇ ಅವರ ಮಾತು. ಮೂರು ಪೆಟ್ಟು ಬಿದ್ದರೆ ಹತ್ತಿರುವುದು ಕಲ್ಲಲ್ಲ, ಮನುಷ್ಯರು ಎಂದರ್ಥ. ಆಗ ಕೈ ತಾನಾಗಿಯೇ ಮೆತ್ತಗಾಗುತ್ತಿತ್ತು" ಎಂದರು.

ಮೂರು ಪೆಟ್ಟಿನಲ್ಲಿ ಮನುಷ್ಯನ ಬೆಲೆಯನ್ನು ಹೇಳುವ ಇಂಥ ಭಾಷೆಯನ್ನು ನಾನು ಯಾವ ವ್ಯಾಕರಣದಲ್ಲಿಯೂ ಓದಿರಲಿಲ್ಲ.

ಈ ಗಣಿಯ ಕಥೆ ಸಂಕ್ಷೇಪದಲ್ಲಿ ಹೀಗಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಆರಂಭದಲ್ಲಿ ಯಂತ್ರಗಳ ಉಸಿರೆಲ್ಲ ಉಗಿಯೇ. ಸೌದೆಯನ್ನೂ ದೂರದಿಂದ ಬರುವ ಕಲ್ಲಿದ್ದಲನ್ನೂ ಬಾಯ್ಲರುಗಳು ಹಗಲಿರುಳು ನುಂಗುತ್ತಿದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲಿನ ಕವಲು ಬಂತು. ಉರುವಲಿನ ಈ ಹಸಿವಿಗೆ ಪರಿಹಾರವಾಗಿ ಒದಗಿದವಳು ಕಾವೇರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಯನ್ನು ಮುಟ್ಟಿತು. ಉಗಿಯಂತ್ರಗಳು ಕ್ರಮೇಣ ಹಿಂದೆ ಸರಿದವು. ಯಂತ್ರದ ಬಲವನ್ನು ನಾವು ಇಂದಿಗೂ ಅಶ್ವಶಕ್ತಿಯಲ್ಲಿ ಅಳೆಯುತ್ತೇವೆ. ಕುದುರೆ ಹೋಗಿ ಉಗಿ ಬಂತು, ಉಗಿ ಹೋಗಿ ವಿದ್ಯುತ್ತು ಬಂತು; ಕುದುರೆಯ ಹೆಸರು ಮಾತ್ರ ಉಳಿಯಿತು. ಉಗಿಯ ಪಾಲಿಗೆ ಆ ಭಾಗ್ಯವೂ ಇಲ್ಲ!

ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಕಾದಿರುತ್ತಿತ್ತು. ಒಮ್ಮೊಮ್ಮೆ ಒತ್ತಡ ತಾಳಲಾರದೆ ಸಿಡಿದು ಕೆಲಸಗಾರರ ಪ್ರಾಣ ತೆಗೆಯುತ್ತಿತ್ತು. ಕಲ್ಲಿನ ದೂಳು ಎಷ್ಟೋ ಮಂದಿಯ ಶ್ವಾಸಕೋಶವನ್ನು ಸೇರಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಸುಮಾರು 800 ಟನ್ ಚಿನ್ನ ಲೋಕಕ್ಕೆ ಹೋಯಿತು. ಊರಿನಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು, ಒಂದೊಂದಾಗಿ ತುಕ್ಕು ಹಿಡಿಯುವ ಯಂತ್ರಗಳು, ಕೆಲಸ ಹುಡುಕಿಕೊಂಡು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಮಕ್ಕಳು.

ಹೊರಗಿನ ದೇಶಗಳು ಇಂಥಲ್ಲಿ ಏನು ಮಾಡಿವೆಯೆಂಬುದನ್ನು ಗಮನಿಸಬೇಕು. ಜರ್ಮನಿಯ ಝೋಲ್‌ಫೆರಾಯ್ನ್ ಎಂಬ ಕಲ್ಲಿದ್ದಲ ಗಣಿ 1986ರಲ್ಲಿ ಮುಚ್ಚಿತು. ಅದರ ಗೋಪುರವನ್ನು ಕೆಡವದೆ ಕಾಪಾಡಿದರು. ನಮ್ಮ ಗಣಿಗೆ ಬೀಗ ಬಿದ್ದ 2001ರಲ್ಲಿಯೇ ಅದು ವಿಶ್ವಪರಂಪರೆಯ ತಾಣವಾಯಿತು. ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಪ್ರದೇಶಕ್ಕೂ 2006ರಲ್ಲಿ ಆ ಗೌರವ ಸಂದಿತು. ಕೋಲಾರಕ್ಕೆ ಬಂದ ಗಣಿಗಾರರಲ್ಲಿ ಹಲವರು ಆ ಕಾರ್ನ್‌ವಾಲಿನವರೇ! ಅಲ್ಲಿ ಎಂಜಿನ್ ಇಲ್ಲದ ಎಂಜಿನ್ ಮನೆಯ ಗೋಡೆಗೂ ಮರ್ಯಾದೆಯುಂಟು.

ಹೊಟ್ಟೆಗಿಲ್ಲದಲ್ಲಿ ಪರಂಪರೆಯ ಮಾತೇಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜೀವಂತ ಕಾರ್ಮಿಕನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಯಂತ್ರಕ್ಕೆ ಬಣ್ಣ ಬಳಿದರೆ ಅದು ಪರಂಪರೆಯಲ್ಲ, ಅಲಂಕಾರ. ಆದರೆ 2024ರಲ್ಲಿ ಅಲ್ಲಿನ 13 ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಹರಾಜಿಗೆ ರಾಜ್ಯ ಸರ್ಕಾರ ಒಪ್ಪಿಗೆಯಿತ್ತಿದೆ. ಮಣ್ಣಿನಲ್ಲಿರುವ ಚಿನ್ನದ ಕಣವನ್ನು ಲೆಕ್ಕ ಹಾಕಬಲ್ಲ ನಾವು, ಅದನ್ನು ಮೇಲೆತ್ತಿದ ಕೈಗಳ ಒಂದು ಗುರುತನ್ನಾದರೂ ಉಳಿಸಿಕೊಳ್ಳಲಾರೆವೆ? ಒಂದು ಗೋಪುರ, ಒಂದು ವೈಂಡಿಂಗ್ ಯಂತ್ರ, ಒಂದು ಗಂಟೆ, ಮಡಿದವರ ಹೆಸರುಗಳ ಒಂದು ಕಲ್ಲು, ಇಷ್ಟು ಸಾಕು. ನಮ್ಮ ಕಾಲದ ವೀರಗಲ್ಲು ಇದಲ್ಲದೆ ಇನ್ನಾವುದು?

ಊರಿಗೆ ಮರಳಿದವನೇ ಗುಜರಿ ಅಂಗಡಿಗೆ ಹೋದೆ. ಅಲ್ಲಿ ತಕ್ಕಡಿಯಿತ್ತು, ಸಲಿಕೆಯಿರಲಿಲ್ಲ. "ಅದು ಕರಗಿ ಎಷ್ಟೋ ದಿವಸವಾಯಿತು, ಸ್ವಾಮಿ" ಎಂದ ಅಂಗಡಿಯವನು. ಈ ವರ್ಷ ನನ್ನ ವಿದ್ಯಾರ್ಥಿಗಳು ಶಾಸನದ ಜೊತೆಗೆ ಮತ್ತೊಂದು ಪಾಠ ಮಾಡುತ್ತಿದ್ದಾರೆ: ತಮ್ಮ ಮನೆಯ ಹಿರಿಯರು ದುಡಿದ ಯಂತ್ರದ ಹೆಸರನ್ನೂ, ಕೆಲಸದ ಮಾತುಗಳನ್ನೂ ಕೇಳಿ ಬರೆದು ತರುವುದು. ಮಾದರಿಗೆಂದು ಮೊದಲನೆಯ ಪುಟವನ್ನು ನಾನೇ ಬರೆದೆ. ಸಲಿಕೆಯ ಹಿಡಿ ಎಷ್ಟು ಉದ್ದವಿತ್ತೆಂಬುದನ್ನು ಅಮ್ಮ ಕೈಯಗಲಿಸಿ ತೋರಿಸಿದರು.