ಕ್ರಿಯೋಲರ ವಂಶಚರಿತ್ರೆ: ಕೇಳಿಬಂದ ಮಾತು, ಕಾಗದದ ಸಾಕ್ಷ್ಯ

ಕ್ರಿಯೋಲರೆಂದರೆ ಬಿಳಿಯರಿಗೂ ಕರಿಯರಿಗೂ ಹುಟ್ಟಿದ ಮಿಶ್ರಸಂತತಿಯೆಂಬುದು ಇಂದು ಬಹುಜನರ ತಿಳಿವಳಿಕೆ. ಅಮೆರಿಕದ ಲೂಸಿಯಾನ ಪ್ರಾಂತದ ಹಳೆಯ ಕಾಗದಪತ್ರಗಳು ಈ ಅರ್ಥವನ್ನು ಸಮರ್ಥಿಸುವುದಿಲ್ಲ. ಫ್ರೆಂಚರ ಕಾಲದಲ್ಲಿಯೂ ಅನಂತರ ಸ್ಪೇನಿನವರ ಆಳಿಕೆಯಲ್ಲಿಯೂ ಆ ಶಬ್ದಕ್ಕೆ ಇದ್ದ ಅರ್ಥ ‘ಈ ನೆಲದಲ್ಲಿಯೇ ಹುಟ್ಟಿದವನು’ ಎಂಬುದಷ್ಟೆ. ಗುಲಾಮರ ಪಟ್ಟಿಗಳಲ್ಲಿ, ಆಫ್ರಿಕದಿಂದ ಹಡಗಿನಲ್ಲಿ ಬಂದ ತಂದೆಯ ಹೆಸರಿನ ಮುಂದೆ ಅವನ ಕುಲವನ್ನೂ, ತೋಟದ ಗುಡಿಸಲಿನಲ್ಲಿ ಹುಟ್ಟಿದ ಮಗನ ಹೆಸರಿನ ಮುಂದೆ ‘ಕ್ರಿಯೋಲ್’ ಎಂಬುದನ್ನೂ ಬರೆಯುತ್ತಿದ್ದುದುಂಟು. ಇಂದಿನ ಅರ್ಥವನ್ನು ಅಂದಿನ ಬರಹದ ಮೇಲೆ ಹೇರಿದವನು ಮೊದಲನೆಯ ಹೆಜ್ಜೆಯಲ್ಲಿಯೇ ಪರರನ್ನು ತನ್ನ ಪೂರ್ವಿಕರೆಂದು ಭ್ರಮಿಸುತ್ತಾನೆ.

ಗುಲಾಮರಾಗಿದ್ದವರ ವಂಶಕ್ಕೆ ಲಿಖಿತ ಸಾಕ್ಷ್ಯವೇ ಇಲ್ಲವೆಂಬುದು ಇದಕ್ಕಿಂತಲೂ ದುಃಖಕರವಾದ ತಪ್ಪು ಕಲ್ಪನೆ. ಇದು ಹುಟ್ಟಿದ್ದು ಜನಗಣತಿಯಿಂದ. 1850 ಮತ್ತು 1860ರ ಗಣತಿಗಳು ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಎಣಿಸಿದುವೇ ಹೊರತು ಸಾಮಾನ್ಯವಾಗಿ ಅವರ ಹೆಸರನ್ನು ಹೇಳಲಿಲ್ಲ; ಎಲ್ಲರ ಹೆಸರೂ ಗಣತಿಯಲ್ಲಿ ಕಾಣಿಸಿಕೊಂಡದ್ದು 1870ರಲ್ಲಿ. ಆದರೆ ಲೂಸಿಯಾನದಲ್ಲಿ ಕ್ರಯವಾಗಲಿ, ಬಿಡುಗಡೆಯಾಗಲಿ, ಮರಣಶಾಸನವಾಗಲಿ, ಸತ್ತವನ ಆಸ್ತಿಯ ಪಟ್ಟಿಯಾಗಲಿ ನೋಟರಿಯ ಸಮ್ಮುಖದಲ್ಲಿ ಬರೆಹಕ್ಕಿಳಿಯುತ್ತಿತ್ತು. ಗುಲಾಮರ ಮಕ್ಕಳಿಗೂ ಚರ್ಚಿನಲ್ಲಿ ದೀಕ್ಷಾಸ್ನಾನವಾಗುತ್ತಿತ್ತು. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ವಿದುಷಿ ನ್ಯಾಯಾಲಯಗಳ ಹಳೆಯ ಕಡತಗಳನ್ನು ವರ್ಷಗಟ್ಟಲೆ ತಿರುವಿಹಾಕಿ, 1820ರವರೆಗಿನ ಸುಮಾರು ಒಂದು ಲಕ್ಷ ಗುಲಾಮರ ವಿವರಗಳನ್ನು ಕಲೆಹಾಕಿದರು.

ಅಂಥ ದೀಕ್ಷಾಸ್ನಾನದ ದಾಖಲೆಯೊಂದನ್ನು ಮುಂದಿಟ್ಟುಕೊಂಡು ನೋಡಬೇಕು. ಮಗುವಿನ ಹೆಸರು, ತಾಯಿಯ ಹೆಸರು, ಒಡೆಯನ ಹೆಸರು, ‘ತಂದೆ ಅಜ್ಞಾತ’ ಎಂಬ ಎರಡು ಮಾತು, ಜ್ಞಾನಪಿತ ಜ್ಞಾನಮಾತೆಯರ ಹೆಸರುಗಳು, ಕೊನೆಗೆ ಪಾದ್ರಿಯ ರುಜು. ತಂದೆ ಯಾರೆಂದು ಊರಿಗೇ ಗೊತ್ತಿಲ್ಲವೆಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಆದರೆ ಫ್ರೆಂಚರ 1724ರ ಶಾಸನ ಬಿಳಿಯರಿಗೂ ಕರಿಯರಿಗೂ ವಿವಾಹವನ್ನು ನಿಷೇಧಿಸಿತ್ತಾದ್ದರಿಂದ, ಎಲ್ಲರೂ ಬಲ್ಲ ತಂದೆಯೂ ಅನೇಕ ವೇಳೆ ಕಾಗದದಲ್ಲಿ ಅಜ್ಞಾತನಾಗಿಯೇ ಉಳಿದನು. ಶೋಧಕನು ಆಗ ಜ್ಞಾನಪಿತರ ಹೆಸರುಗಳನ್ನು ಹಿಡಿದು ಹೊರಡಬೇಕು. ಒಬ್ಬ ತಾಯಿಯ ನಾಲ್ಕಾರು ಮಕ್ಕಳ ದೀಕ್ಷೆಯಲ್ಲಿ ಒಂದೇ ಮನೆತನದವರು ಮತ್ತೆ ಮತ್ತೆ ನಿಂತಿದ್ದರೆ, ನೆಂಟಸ್ತಿಕೆಯ ಜಾಡು ಅಲ್ಲಿರಬಹುದು. ಇದು ಸುಳಿವೇ ಹೊರತು ನಿರ್ಣಯವಲ್ಲ. ಮುದ್ರಿತ ಸೂಚಿಯನ್ನು ಮಾತ್ರ ನಂಬಿದವನಿಗೆ ಈ ಸುಳಿವೂ ದಕ್ಕುವುದಿಲ್ಲ. ಏಕೆಂದರೆ ಫ್ರೆಂಚ್ ಪಾದ್ರಿಯ ಬರಹದ ಪಿಯೇರ್ ಸ್ಪೇನಿನ ಪಾದ್ರಿಯ ಕೈಯಲ್ಲಿ ಪೆದ್ರೊ ಆಗಿರುತ್ತಾನೆ.

ಮನೆತನದ ಐತಿಹ್ಯವು ಪೂರ್ಣಸತ್ಯ, ಇಲ್ಲವೆ ಪೂರ್ಣಮಿಥ್ಯೆ ಎಂಬ ಮತ್ತೊಂದು ನಂಬಿಕೆಯನ್ನು ಲೂಸಿಯಾನದ ಕೇನ್ ನದಿಯ ತೀರದ ಒಂದು ಕಥೆ ಚೆನ್ನಾಗಿ ಪರೀಕ್ಷಿಸುತ್ತದೆ. ಅಲ್ಲಿನ ಕ್ರಿಯೋಲರ ಮೂಲಮಾತೆ ಮರೀ ತೆರೇಸ್ ಕ್ವಾಂಕ್ವಾಂ, 1742ರಲ್ಲಿ ನ್ಯಾಕಟಿಶ್‌ನಲ್ಲಿ ಗುಲಾಮಳಾಗಿ ಹುಟ್ಟಿ, ಮೆತ್ವಾಯೆ ಎಂಬ ಫ್ರೆಂಚ್ ವರ್ತಕನಿಗೆ ಅನೇಕ ಮಕ್ಕಳನ್ನು ಹೆತ್ತು, 1778ರಲ್ಲಿ ಅವನಿಂದಲೇ ಬಿಡುಗಡೆ ಪಡೆದವಳು. ಪ್ರಸಿದ್ಧವಾದ ಮೆಲ್‌ರೋಸ್ ತೋಟವನ್ನು ಕಟ್ಟಿದವಳು ಅವಳೇ ಎಂದು ಜನ ಹೇಳಿಕೊಂಡು ಬಂದರು. ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ದಂಪತಿಗಳು ಭೂಮಂಜೂರಾತಿ, ಕ್ರಯಪತ್ರ, ಚರ್ಚಿನ ದಾಖಲೆಗಳನ್ನು ಒಂದರೊಡನೊಂದು ಹೋಲಿಸಿ ನೋಡಿದಾಗ, ಆ ನೆಲ ಅವಳ ಮಗ ಲೂಯಿಯದೆಂದೂ, ಅವಳ ಹೊಲಮನೆ ಬೇರೆಡೆ ಇತ್ತೆಂದೂ ತಿಳಿದುಬಂದಿತು. ಐತಿಹ್ಯವು ತಾಯಿಯನ್ನು ಮರೆಯಲಿಲ್ಲ, ಮನೆಯನ್ನು ಮಾತ್ರ ಬದಲಾಯಿಸಿತು. ಆಧಾರಗಳನ್ನು ನಮೂದಿಸುವ ವಿಧಾನವನ್ನು ಕುರಿತು ಎಲಿಜಬೆತ್ ಮುಂದೆ ಬರೆದ ಗ್ರಂಥ ವಂಶಶೋಧಕರಿಗೆಲ್ಲ ಪ್ರಮಾಣವಾಯಿತು: ಪ್ರತಿಯೊಂದು ಮಾತನ್ನೂ ಯಾರು, ಯಾವಾಗ, ಕಣ್ಣಾರೆ ಕಂಡು ಹೇಳಿದರೋ ಕೇಳಿ ಹೇಳಿದರೋ ಎಂದು ವಿಚಾರಿಸದೆ ಅಂಗೀಕರಿಸಬಾರದು.

ಮಿಲ್ಸ್ ದಂಪತಿಗಳ ಈ ಶೋಧನೆಯಿಂದ ಮರೀ ತೆರೇಸಳ ಗೌರವಕ್ಕೆ ಕುಂದಾಯಿತೆಂದು ನೊಂದುಕೊಳ್ಳುವವರೊಡನೆ ನಾನು ಸಮ್ಮತಿಸಲಾರೆ. ಕಾಗದಗಳು ಹೇಳುವ ಸ್ತ್ರೀ ಹೊಗೆಸೊಪ್ಪು ಬೆಳೆದಳು, ಕರಡಿಯ ಕೊಬ್ಬನ್ನು ಮಾರಿದಳು. ಆ ಕಾಲದ ಸ್ವತಂತ್ರರಂತೆ ತಾನೂ ಗುಲಾಮರನ್ನು ಇಟ್ಟುಕೊಂಡಿದ್ದಳು, ಅದನ್ನು ಮರೆಮಾಡುವ ಚರಿತ್ರೆ ಚರಿತ್ರೆಯಲ್ಲ. ಅವಳು ಬಿಡುಗಡೆ ಪಡೆದಾಗ ಅವಳ ಮಕ್ಕಳಲ್ಲಿ ಅನೇಕರು ಇನ್ನೂ ಪರರ ಸ್ವತ್ತಾಗಿದ್ದರು. ಮೆತ್ವಾಯೆಯ ಸಂಬಂಧಕ್ಕೆ ಮೊದಲೇ ಹುಟ್ಟಿದ್ದ ಮಕ್ಕಳಲ್ಲಿ ಕೆಲವರನ್ನು ಅವಳು ದುಡಿದು ಗಳಿಸಿದ ಹಣದಿಂದಲೇ ಬಿಡಿಸಿಕೊಂಡಳು; ಅಂಥ ಕ್ರಯಪತ್ರದಲ್ಲಿ, ಕೊಂಡವಳ ಹೆಸರಿರುವೆಡೆ ತಾಯಿಯೂ, ಮಾರಾಟದ ವಸ್ತುವಿನ ಹೆಸರಿರುವೆಡೆ ಅವಳ ಮಗಳೂ ಇದ್ದಾರೆ.