ಕೂಸಿಗೆ ಕಟ್ಟುವ ಬುತ್ತಿ

ಮಳೆ ಜೋರು ಹಿಡಿದ ದಿನ ಕಳಸ ಪೇಟೆಯಲ್ಲಿ ಹೊರನಾಡು ಕಡೆಯವರು ಒಬ್ಬರನ್ನೊಬ್ಬರು ಮೊದಲು ಕೇಳುವುದು, ‘ಹೆಬ್ಬಾಳೆ ಸೇತುವೆ ಮುಳುಗಿತಾ?’ ಎಂದು. ಭದ್ರೆ ಕೆಂಪಗೆ ಉಕ್ಕಿ ಆ ತಗ್ಗಿನ ಸೇತುವೆಯ ಮೇಲೆ ಹರಿದರೆ ನೇರ ದಾರಿ ಬಂದ್. ಸುತ್ತು ಬಳಸಿ ಹೋಗಬೇಕು. ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಹೊರನಾಡಿನಿಂದ ಸುಮಾರು 100 ಕಿ.ಮೀ. ದೂರ, ಅದೂ ತಿರುವು ಮುರುವಿನ ದಾರಿ. ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಅದಕ್ಕೇ ಇಲ್ಲಿಯ ಮನೆಗಳಲ್ಲಿ ಮಳೆಗಾಲದ ತಯಾರಿ ಬೇಸಿಗೆಯಲ್ಲೇ ನಡೆಯುತ್ತದೆ. ಸೌದೆ ಕೊಟ್ಟಿಗೆ ಸೇರುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತವೆ, ಕಂಬಳಿಗಳು ಬಿಸಿಲು ಕಾಣುತ್ತವೆ. ಮನೆಯಲ್ಲಿ ಬಸುರಿ ಇದ್ದರೆ ಜೀಪಿನವರ ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಏರುತ್ತದೆ.

ಆ ತಯಾರಿಯ ಪಟ್ಟಿಗೆ ಇನ್ನೊಂದು ಸೇರಲಿ ಎಂದು ಕೇಳಿಕೊಳ್ಳಲು ಈ ಲೇಖನ: ಬಸುರಿಗೆ ಒಂದು ಫ್ಲೂ ಲಸಿಕೆ.

‘ಟಿಟಿ ಇಂಜೆಕ್ಷನ್ ಆಗಿದೆಯಲ್ಲ, ಇದ್ಯಾವುದು ಮತ್ತೆ?’ ಎಂದು ಅತ್ತೆಯವರು ಕೇಳುವುದು ಸಹಜ. ‘ಫ್ಲೂ ಅಂದ್ರೆ ಶೀತ ಜ್ವರ ತಾನೇ, ಕಾಳುಮೆಣಸಿನ ಕಷಾಯ ಕುಡಿದರೆ ಹೋಗುತ್ತೆ’ ಎನ್ನುವುದೂ ಸಹಜ. ನಮ್ಮ ಸಾಮಾನ್ಯ ಥಂಡಿ ಶೀತಕ್ಕೆ ಆ ಮಾತು ಸರಿ. ಇನ್‌ಫ್ಲುಯೆಂಜಾ ವೈರಸ್ಸಿನ ಜ್ವರ ಮಾತ್ರ ಬೇರೆ ಜಾತಿಯದು. ಒಮ್ಮೆಲೇ ಏರುವ ಜ್ವರ, ಮೈ ಮುರಿಯುವ ನೋವು, ಒಣ ಕೆಮ್ಮು, ಎದ್ದು ನಿಲ್ಲಲಾರದ ಸುಸ್ತು. ಬಹಳಷ್ಟು ಜನರಿಗೆ ಒಂದು ವಾರದಲ್ಲಿ ಇಳಿಯುತ್ತದೆ. ಕೆಲವರಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆ ಕೆಲವರ ಸಾಲಿನಲ್ಲಿ ಬಸುರಿಯರು ಮುಂದೆ ಇದ್ದಾರೆ.

ಕಾರಣ ಅವರ ಮೈಯಲ್ಲೇ ಇದೆ. ಗರ್ಭ ಬೆಳೆದಂತೆ ಎದೆಗೂಡಿನ ಕೆಳಗಿನ ವಪೆ ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ತಗ್ಗುತ್ತದೆ. ಅದೇ ಹೊತ್ತಿಗೆ ಇಬ್ಬರ ಜೀವಕ್ಕಾಗುವಷ್ಟು ಆಮ್ಲಜನಕ ಬೇಕು, ಹೃದಯ ಎಂದಿಗಿಂತ ಹೆಚ್ಚು ರಕ್ತವನ್ನು ಒತ್ತಬೇಕು. ಮಗುವನ್ನು ಪರಕೀಯವೆಂದು ಹೊರದಬ್ಬದಂತೆ ತಾಯಿಯ ರೋಗನಿರೋಧಕ ವ್ಯವಸ್ಥೆಯೂ ತನ್ನ ನಡೆಯನ್ನು ಬದಲಿಸಿಕೊಂಡಿರುತ್ತದೆ. ಹೀಗೆ ಎಲ್ಲವೂ ಲೆಕ್ಕಕ್ಕೆ ಲೆಕ್ಕ ಸರಿಹೋಗಿರುವಾಗ ಶ್ವಾಸಕೋಶಕ್ಕೆ ಸೋಂಕು ಹೊಕ್ಕರೆ ತಡೆದುಕೊಳ್ಳಲು ಹೆಚ್ಚುವರಿ ಶಕ್ತಿ ಉಳಿದಿರುವುದಿಲ್ಲ. 2009ರಲ್ಲಿ ಎಚ್1ಎನ್1 ಜಗತ್ತಿಗೆಲ್ಲ ಹರಡಿದಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಅಮೆರಿಕದ ಜನಸಂಖ್ಯೆಯಲ್ಲಿ ಬಸುರಿಯರು ಶೇ 1ರಷ್ಟು ಮಾತ್ರ. ಆ ಜ್ವರದಿಂದ ಸತ್ತವರಲ್ಲಿ ಅವರ ಪಾಲು ಸುಮಾರು ಶೇ 5. ಗರ್ಭದ ಮೊದಲ ತಿಂಗಳುಗಳಲ್ಲಿ ಜೋರು ಜ್ವರ ಬಂದರೆ ಕೂಸಿನ ಬೆನ್ನುಹುರಿಯ ಬೆಳವಣಿಗೆಗೂ ಒಳ್ಳೆಯದಲ್ಲ.

ಕಾಡಿನ ನಡುವೆ, ದೂರ ದೂರದ ಮನೆಗಳಲ್ಲಿ ಇರುವವರಿಗೆ ಈ ಜ್ವರ ಎಲ್ಲಿಂದ ಬಂದೀತು ಎನ್ನಬಹುದು. ಹೊರನಾಡು ದೂರದ ಊರು ನಿಜ, ಒಂಟಿ ಊರಲ್ಲ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಎಲ್ಲ ಕಡೆಯ ಜನ ಬರುತ್ತಾರೆ. ಬಂದವರಿಗೆಲ್ಲ ಪಂಕ್ತಿಯಲ್ಲಿ ಅನ್ನಪ್ರಸಾದ. ಅದು ಈ ಊರಿನ ದೊಡ್ಡತನ. ಜನ ಹೋದಲ್ಲಿಗೆ ವೈರಸ್ಸೂ ಹೋಗುತ್ತದೆ. ಪ್ರವಾಸಿಗರ ಹೋಂಸ್ಟೇಯಲ್ಲಿ ಅಡುಗೆ ಮಾಡುವವರು, ಅಂಗಡಿ ಇಟ್ಟವರು, ಬಸ್ಸಿನ ಕಂಡಕ್ಟರು, ಶಾಲೆಗೆ ಹೋಗುವ ಮಕ್ಕಳು, ಇವರೆಲ್ಲರ ಮೂಲಕ ಅದು ಮನೆ ತಲುಪುತ್ತದೆ. ತೋಟದ ಲೈನ್ ಮನೆಗಳಲ್ಲಿ ಒಂದೇ ಗೋಡೆಯ ಆಚೀಚೆ ಸಂಸಾರಗಳಿರುವಾಗ, ಮಳೆಗೆ ಕಿಟಕಿ ಬಾಗಿಲು ಮುಚ್ಚಿರುವಾಗ, ಒಬ್ಬರ ಕೆಮ್ಮು ಎಲ್ಲರದೂ ಆಗುತ್ತದೆ. ನಮ್ಮ ದೇಶದಲ್ಲಿ ಫ್ಲೂ ಏರುವುದು ಮುಖ್ಯವಾಗಿ ಎರಡು ಹೊತ್ತಿನಲ್ಲಿ: ಮುಂಗಾರು ಮಳೆಯ ತಿಂಗಳುಗಳಲ್ಲಿ ಮತ್ತು ಜನವರಿಯಿಂದ ಮಾರ್ಚ್‌ವರೆಗೆ. ಅಂದರೆ ಹೆಬ್ಬಾಳೆಯಲ್ಲಿ ನೀರು ಏರುವ ಹೊತ್ತಿಗೇ ಈ ಜ್ವರವೂ ಏರುತ್ತದೆ.

ಇಷ್ಟು ತಾಯಿಯ ಮಾತಾಯಿತು. ನನ್ನ ಮಟ್ಟಿಗೆ ಲಸಿಕೆಯ ದೊಡ್ಡ ಕಾರಣ ಮಗು.

ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬದ ಕೂಸಿಗೆ ಕೊಡುವಂತಿಲ್ಲ. ಫ್ಲೂ ಬಂದರೆ ಹೆಚ್ಚು ಬಳಲುವವರಲ್ಲಿ ಅದೇ ವಯಸ್ಸಿನ ಕೂಸುಗಳೂ ಸೇರಿವೆ. ಹಾಗಾದರೆ ಆ ಆರು ತಿಂಗಳು ಕಾಯುವವರು ಯಾರು? ಅದಕ್ಕೊಂದು ಏರ್ಪಾಡು ತಾಯಿಯ ಒಡಲಲ್ಲೇ ಇದೆ. ಲಸಿಕೆ ಹಾಕಿಸಿಕೊಂಡ ಸುಮಾರು ಎರಡು ವಾರದಲ್ಲಿ ತಾಯಿಯ ರಕ್ತದಲ್ಲಿ ವೈರಸ್ಸನ್ನು ಹಿಡಿದು ಹಾಕುವ ಪ್ರತಿಕಾಯಗಳು ಸಿದ್ಧವಾಗುತ್ತವೆ. ಹೊಕ್ಕುಳಬಳ್ಳಿ ಹುಟ್ಟುವ ಮಾಸುವಿನ (ಪ್ಲಾಸೆಂಟಾ) ಹೊರಪದರದಲ್ಲಿ ಈ ಪ್ರತಿಕಾಯಗಳನ್ನೇ ಗುರುತಿಸಿ ಹಿಡಿಯುವ ಕೊಕ್ಕೆಯಂಥ ಪ್ರೋಟೀನುಗಳಿವೆ. ಅವು ಒಂದೊಂದನ್ನೇ ಹಿಡಿದು, ಜೀವಕೋಶದ ಒಳಗಿಂದ ಸಾಗಿಸಿ, ಮಗುವಿನ ರಕ್ತದ ಕಡೆಗೆ ಬಿಡುತ್ತವೆ. ಕೊನೆಯ ಮೂರು ತಿಂಗಳಲ್ಲಿ ಈ ಸಾಗಣೆ ಬಿರುಸು. ದಿನ ತುಂಬಿ ಹುಟ್ಟುವ ಕೂಸು ಬರಿಗೈಯಲ್ಲಿ ಬರುವುದಿಲ್ಲ, ಅಮ್ಮ ಕಟ್ಟಿಕೊಟ್ಟ ಬುತ್ತಿ ಹೊತ್ತು ಬರುತ್ತದೆ. ತಿಂಗಳು ಕಳೆದಂತೆ ಆ ಬುತ್ತಿ ಕರಗುತ್ತದೆ. ತೀರಾ ಎಳೆಯ ತಿಂಗಳುಗಳಿಗಂತೂ ಅದು ಒದಗುತ್ತದೆ. ಹುಟ್ಟಿದ ಮೇಲೆ ಎದೆಹಾಲಿನಲ್ಲೂ ಇನ್ನೊಂದು ಬಗೆಯ ಪ್ರತಿಕಾಯ ಸಿಗುತ್ತದೆ.

ಇದು ನಮಗೆ ಹೊಸ ಉಪಾಯವೂ ಅಲ್ಲ. ತಾಯಿ ಕಾರ್ಡಿನಲ್ಲಿ ಗುರುತು ಹಾಕುವ ಟಿಟಿ, ಈಗಿನ ಟಿಡಿ, ಕೆಲಸ ಮಾಡುವುದು ಇದೇ ದಾರಿಯಲ್ಲಿ. ತಾಯಿಗೆ ಚುಚ್ಚಿದ ಸೂಜಿ ಹಸುಗೂಸನ್ನು ಧನುರ್ವಾಯುವಿನಿಂದ ಕಾಯುತ್ತದೆ. ಶುಚಿಯಾದ ಹೆರಿಗೆ ಮತ್ತು ಆ ಲಸಿಕೆ ಎರಡೂ ಸೇರಿ ದುಡಿದದ್ದರಿಂದ, ಬಾಣಂತಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿಯಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಅತ್ತೆಯವರಿಗೆ ಹೇಳಬೇಕಾದ ಉತ್ತರ ಇಷ್ಟೇ: ‘ಟಿಟಿ ಹೇಗೋ ಇದೂ ಹಾಗೇ ಅತ್ತೆ, ಕಾಯಿಲೆ ಬೇರೆ.’

ಬುತ್ತಿ ನಿಜವಾಗಿ ಮಗುವಿಗೆ ಮುಟ್ಟುತ್ತದೆಯೇ ಎಂದು ನಮ್ಮಂಥದೇ ನಾಡುಗಳಲ್ಲಿ ಪರೀಕ್ಷಿಸಿದ್ದಾರೆ. ಬಾಂಗ್ಲಾದೇಶದಲ್ಲಿ 340 ಬಸುರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ 63ರಷ್ಟು ಕಡಿಮೆ ಇತ್ತು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು, ಮಾಲಿ ಮತ್ತು ನೇಪಾಳದಲ್ಲಿ ಮೂರನೇ ಒಂದರ ಆಸುಪಾಸು ಇಳಿಕೆ ಕಂಡಿತು. ನೇಪಾಳದಲ್ಲಿ ಮಕ್ಕಳ ಹುಟ್ಟುತೂಕವೂ ಸರಾಸರಿ 42 ಗ್ರಾಂ ಹೆಚ್ಚಿತ್ತು. ಲಸಿಕೆ ಪೂರ್ತಿ ಕೋಟೆಯಲ್ಲ ಎಂಬುದನ್ನೂ ಇದೇ ಅಂಕಿಗಳು ಹೇಳುತ್ತವೆ. ವೈರಸ್ಸು ವರ್ಷದಿಂದ ವರ್ಷಕ್ಕೆ ವೇಷ ಬದಲಿಸುತ್ತದೆ, ಲಸಿಕೆ ಅದಕ್ಕೆ ಹೊಂದಿದಷ್ಟು ಫಲ. ಜೋರು ಮಳೆಯಲ್ಲಿ ಕೊಡೆ ಹಿಡಿದರೂ ಕಾಲು ನೆನೆಯುತ್ತದೆ. ಹಾಗೆಂದು ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೊರಡುವವರಿಲ್ಲ.

ಭಯದ ಮಾತನ್ನೂ ಆಡೋಣ. ಬಸುರಿಯರಿಗೆ ಕೊಡುವ ಸೂಜಿಯ ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ತುಣುಕುಗಳು. ಅದರಿಂದ ಫ್ಲೂ ಬರಲಾರದು. ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ, ಮೈಕೈ ನೋವು ಬರಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ಸು ಇರುವುದರಿಂದ ಅದು ಬಸುರಿಯರಿಗಲ್ಲ. ಗರ್ಭ ಇಳಿದುಹೋದರೆ ಎಂಬುದು ದೊಡ್ಡ ಅಂಜಿಕೆ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ, ಹಿಂದಿನ ವರ್ಷವೂ ಲಸಿಕೆ ಪಡೆದಿದ್ದ ಕೆಲವರಲ್ಲಿ ಅಂಥ ನಂಟಿನ ಸುಳಿವು ಕಂಡಿತೆಂದಿತು. ವಿಜ್ಞಾನಿಗಳು ಅದನ್ನು ಬದಿಗೆ ತಳ್ಳಲಿಲ್ಲ. ಅದೇ ತಂಡ ಇನ್ನೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಮತ್ತೆ ನೋಡಿತು. 2019ರಲ್ಲಿ ಬಂದ ಆ ಫಲಿತಾಂಶದಲ್ಲಿ ನಂಟು ಕಾಣಲಿಲ್ಲ. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಗಿಲಾನ್ ಬಾರೆ ಎಂಬ ನರದ ಕಾಯಿಲೆ ಬಂದಿದ್ದರೆ, ಆ ದಿನ ಜೋರು ಜ್ವರವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಯಾವಾಗ ಹಾಕಿಸಬೇಕು? ಗರ್ಭದ ಯಾವ ತಿಂಗಳಾದರೂ ಆದೀತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮಲೆನಾಡಿಗೆ ಏಪ್ರಿಲ್, ಮೇ ಒಳ್ಳೆಯ ಕಾಲ. ಶ್ರಾವಣದ ಹೊತ್ತಿಗೆ ಹೆರಿಗೆ ಇರುವವರಿಗೆ ಆಗ ತಾಯಿಯ ರಕ್ಷಣೆ, ಮಗುವಿನ ಬುತ್ತಿ ಎರಡೂ ಒಟ್ಟಿಗೆ ಆಗುತ್ತವೆ. ಎಲ್ಲಿ, ಎಷ್ಟಕ್ಕೆ ಎಂಬುದು ಕಷ್ಟದ ಪ್ರಶ್ನೆ. ಬಸುರಿಯರಿಗೆ ಈ ಲಸಿಕೆ ಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಟಿಡಿ ಸೇರಿರುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ. ಖಾಸಗಿಯಲ್ಲಿ ಕೊಂಡು ಹಾಕಿಸಿದರೆ ತೋಟದ ಕೆಲಸದ ಹೆಣ್ಣುಮಗಳ ಹಲವು ದಿನದ ಕೂಲಿ ಹೋಗುತ್ತದೆ. 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕಾದ ಔಷಧ, ಕರೆಂಟು ಕೈಕೊಡುವ ಊರಿಗೆ ಮಳೆಗೆ ಮೊದಲೇ ಬರಬೇಕು. ಈ ಹೊರೆಯನ್ನೆಲ್ಲ ಬಸುರಿಯ ತಲೆಗೆ ಹೊರಿಸುವುದು ನ್ಯಾಯವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಉಚಿತವಾಗಿ ಸಿಗಬೇಕು. ಅಲ್ಲಿಯವರೆಗೆ ತೋಟದ ಮಾಲೀಕರು ತಮ್ಮ ಲೈನಿನ ಬಸುರಿಯರ ಖರ್ಚು ಹೊತ್ತರೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಲಸಿಕೆ ಆದ ಮೇಲೂ ಜ್ವರವನ್ನು ಹಗುರವಾಗಿ ಕಾಣಬಾರದು. ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಯಾವುದನ್ನೂ ಇದು ತಡೆಯುವುದಿಲ್ಲ. ಬಸುರಿಗೆ ಜೋರು ಜ್ವರ, ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ, ಮಗುವಿನ ಅಲುಗಾಟ ಕಡಿಮೆ ಎನಿಸಿದರೆ ಕಷಾಯ ಕುದಿಸುತ್ತ ಕೂರದೆ ಹೊರಡಬೇಕು. ಫ್ಲೂ ಎಂದಾದರೆ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದಷ್ಟು ಒಳ್ಳೆಯದು, ಬಸುರಿಯರಿಗೂ ಅದನ್ನು ಕೊಡುತ್ತಾರೆ. ಸೇತುವೆ ಮುಳುಗಿದ ದಿನ ಆ 48 ಗಂಟೆ ಎಷ್ಟು ಬೇಗ ಸರಿದುಹೋಗುತ್ತದೆ ಎಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ್ದಲ್ಲ.

ಮುಂದಿನ ಸಲ ತಪಾಸಣೆಗೆ ಹೋದಾಗ ಆಶಾ ಅಕ್ಕನನ್ನೋ ಡಾಕ್ಟರನ್ನೋ ಕೇಳಿ: ‘ನನಗೆ ಫ್ಲೂ ಲಸಿಕೆ ಯಾವಾಗ?’ ಅವರು ಹೇಳಿದ ದಿನವನ್ನು ಮನೆಗೆ ಬಂದು ಕ್ಯಾಲೆಂಡರಿನಲ್ಲಿ, ಜೀಪಿನವರ ನಂಬರಿನ ಪಕ್ಕದಲ್ಲೇ ಬರೆದಿಡಿ.