ಎರೆಯ ನಾಡಿನ ಕುಂಟೆ

ಯೂರೋಪಿನ ಹೊಲಗಳಲ್ಲಿ ಕುದುರೆಗಳು ಎಳೆದ ಉಪಕರಣಗಳ ಸ್ಥಾನವು ನಮ್ಮಲ್ಲಿ ಎತ್ತುಗಳ ರಂಟೆ ಕುಂಟೆಗಳಿಗೆ ಸಲ್ಲತಕ್ಕದ್ದು. ಆದರೆ ಪಾಠ ಹೇಳುವಾಗ ಕುಂಟೆಯನ್ನೂ ನೇಗಿಲಿನ ಒಂದು ಬಗೆಯೆಂದು ಅರ್ಥ ಹೇಳುವುದುಂಟು; ಅದು ಸರಿಯಲ್ಲ.

ತುಂಗಭದ್ರೆಯ ದಡದ ಮುಕ್ಕುಂದ, ಸಿಂಧನೂರು ಸೀಮೆಯ ಎರೆಭೂಮಿಯು ಬೇಸಗೆಯಲ್ಲಿ ತಾನಾಗಿಯೇ ಆಳವಾಗಿ ಬಿರಿಯುವುದು. ಆದುದರಿಂದ ಅಲ್ಲಿ ವರ್ಷವರ್ಷವೂ ರಂಟೆ ಹೂಡಬೇಕಾದುದಿಲ್ಲ, ಕುಂಟೆಯೇ ಸಾಕು. ಮರದ ದಿಂಡು, ಅದರಿಂದ ಇಳಿಬಿದ್ದ ಎರಡು ತಾಳು, ಅವುಗಳ ತುದಿಗೆ ಅಡ್ಡಲಾಗಿ ಕಬ್ಬಿಣದ ಕುಡ: ಇಷ್ಟೇ ಅದರ ರಚನೆ. ನೇಗಿಲು ಮಣ್ಣನ್ನು ಸೀಳುವುದು. ಕುಂಟೆಯ ಕುಡವೋ ನೆಲದೊಳಗೆ ಕೆಲವೇ ಅಂಗುಲ ಕೆಳಗೆ ಸರಿಯುತ್ತ ಕಳೆಯ ಬೇರನ್ನು ಕೊಯ್ದು, ಮೇಲೆ ಸಡಿಲವಾದ ಹುಡಿಯ ಹೊದಿಕೆಯನ್ನು ಉಳಿಸುವುದು. ಬಿರುಕು ಮುಚ್ಚಿ ಒಳಗಿನ ಹಸಿ ಆರದೆ ನಿಲ್ಲುವುದು ಇದರಿಂದಲೇ. ಹಿಂಗಾರಿ ಜೋಳವು ನಂಬಿರುವುದು ಆ ಹಸಿಯನ್ನೇ. ಈ ಕೆಲಸಕ್ಕೆ ಆ ಕಡೆಯವರು ‘ಉಳು’ ಎನ್ನರು, ‘ಹರಗು’ ಎನ್ನುವರು. ಕ್ರಿಯೆ ಬೇರೆ, ಪದವೂ ಬೇರೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರಿನ ಎಷ್ಟೋ ಜೋಳದ ಹೊಲಗಳು ಬತ್ತದ ಗದ್ದೆಗಳಾದುವು, ಕೆಸರಿನಲ್ಲಿ ಹರಗುವುದೆಂತು? ಬಳಿಕ ಟ್ರಾಕ್ಟರು ಬಂದಿತು. ಹರಗಿದ ಹಿರಿಯರು ಊರುಗಳಲ್ಲಿ ಇರುವಾಗಲೇ ದಿಂಡು, ತಾಳು, ಕುಡಗಳ ಹೆಸರನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳತಕ್ಕದ್ದು.